ಕಾದಂಬರಿ ಮುಗಿಸಿದ ಮೇಲೆ: ಅಭಿಪ್ರಾಯ ಬರೆಯುವ ಬಗೆ, ಅದನ್ನಿಡಲು ಆ್ಯಪ್ ಹುಡುಕುವ ಬಗೆ

ಕಾದಂಬರಿ ಮುಗಿಸಿ ಎರಡು ವಾರ ಕಳೆಯುವಷ್ಟರಲ್ಲಿ ಪಾತ್ರಗಳ ಹೆಸರು ಮರೆತಿರುತ್ತವೆ. ನೆನಪಿನಲ್ಲಿ ಉಳಿಯುವುದು ‘ಚೆನ್ನಾಗಿತ್ತು’ ಅನ್ನುವ ಒಂದೇ ಮಾತು. ಅದನ್ನು ಯಾರಿಗೆ ಹೇಳಿದರೂ ಅವರಿಗೆ ಪುಸ್ತಕದ ಬಗ್ಗೆ ಏನೂ ತಿಳಿಯುವುದಿಲ್ಲ. ಹಾಗಾಗಿ ಅಭಿಪ್ರಾಯ ಬರೆಯುವ ಕೆಲಸ ಮೊದಲ ಇಪ್ಪತ್ತು ಪುಟಗಳಲ್ಲೇ ಶುರುವಾಗಬೇಕು. ಆ್ಯಪ್ ಆಮೇಲಿನ ಮಾತು.

ಪುಸ್ತಕದೊಳಗೆ ಒಂದು ಚೀಟಿ ಇಟ್ಟುಕೊಳ್ಳಿ. ಪುಟಸಂಖ್ಯೆ, ಅದರ ಪಕ್ಕ ಮೂರ್ನಾಲ್ಕು ಪದ, ಅಷ್ಟೇ. ಗುರುತು ಮೂರು ಬಗೆ ಸಾಕು: ಹಿಡಿಸಿದ ಕಡೆ ಸರಿ ಗುರುತು, ಬೇಸರ ಬಂದ ಕಡೆ ಸೊನ್ನೆ, ನಂಬಲಾಗದ ಕಡೆ ಪ್ರಶ್ನೆ ಚಿಹ್ನೆ. ಇವುಗಳಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದು ಸೊನ್ನೆ. ಕೊನೆ ಚೆನ್ನಾಗಿದ್ದರೆ ನಡುವಿನ ಬೇಸರವೆಲ್ಲ ಮರೆತುಹೋಗುತ್ತದೆ, ಆಗ ಬರೆದ ಅಭಿಪ್ರಾಯ ಬರೀ ಕೊನೆಯ ಅಧ್ಯಾಯದ ಅಭಿಪ್ರಾಯವಾಗಿಬಿಡುತ್ತದೆ. 300 ಪುಟದ ಕಾದಂಬರಿಗೆ 10ರಿಂದ 15 ಗುರುತು ಸಾಕು. ನಲವತ್ತು ದಾಟಿತೆಂದರೆ ಅವುಗಳಲ್ಲಿ ಆರಿಸುವುದೇ ಇನ್ನೊಂದು ಕೆಲಸ.

ಇ-ಬುಕ್ ಆದರೆ ಪುಟಸಂಖ್ಯೆ ನಂಬಬೇಡಿ. ಅಕ್ಷರದ ಗಾತ್ರ ಬದಲಿಸಿದಾಗ ಎಷ್ಟೋ ಆ್ಯಪ್‌ಗಳಲ್ಲಿ ಪುಟಗಳ ಲೆಕ್ಕವೂ ಬದಲಾಗುತ್ತದೆ. ಅಧ್ಯಾಯದ ಸಂಖ್ಯೆ ಬರೆದುಕೊಳ್ಳಿ. ಅಮೆಜಾನ್‌ನ ಇ-ಬುಕ್ ಓದುವ ಸಾಧನವಾದ ಕಿಂಡಲ್‌ನಲ್ಲಿ ಗುರುತಿಸಿದ ಸಾಲುಗಳು ‘ಡಾಕ್ಯುಮೆಂಟ್ಸ್’ ಫೋಲ್ಡರಿನ ‘ಮೈ ಕ್ಲಿಪ್ಪಿಂಗ್ಸ್’ ಎಂಬ ಪಠ್ಯ ಫೈಲಿನಲ್ಲಿ ಸೇರುತ್ತಾ ಹೋಗುತ್ತವೆ. ಯುಎಸ್‌ಬಿ ಕೇಬಲ್ ಹಾಕಿ ಅದನ್ನು ಕಂಪ್ಯೂಟರಿಗೆ ನಕಲು ಮಾಡಿಕೊಳ್ಳಬಹುದು. ಫೋನಿನ ಕಿಂಡಲ್ ಆ್ಯಪ್‌ನಲ್ಲಿ ಈ ಫೈಲು ಇರುವುದಿಲ್ಲ. ಒಂದು ಪುಸ್ತಕದಿಂದ ಎಷ್ಟು ನಕಲು ಮಾಡಬಹುದು ಎಂಬುದಕ್ಕೆ ಪ್ರಕಾಶಕರು ಮಿತಿ ಹಾಕಿರಬಹುದು. ಅದು ದಾಟಿದ ಮೇಲೆ ಫೈಲಿನಲ್ಲಿ ಸಾಲಿನ ಬದಲು ಮಿತಿ ಮುಗಿಯಿತೆಂಬ ಸೂಚನೆಯಷ್ಟೇ ಸಿಗುತ್ತದೆ. ಪುಟಗಟ್ಟಲೆ ಹಳದಿ ಬಳಿಯುವವರು ಇಲ್ಲೇ ಕೈ ಸುಟ್ಟುಕೊಳ್ಳುವುದು.

ಓದಿ ಮುಗಿಸಿದ ಕೂಡಲೇ ಬರೆಯಬೇಡಿ. ಒಂದು ದಿನ ಬಿಡಿ, ಮೂರು ದಿನ ಮೀರಬೇಡಿ. ಮೊದಲು ಚೀಟಿ ನೋಡದೆ ಐದು ಸಾಲು ಬರೆಯಿರಿ, ಆಮೇಲೆ ಚೀಟಿ ತೆಗೆಯಿರಿ. ನೆನಪು ಒಂದು ಹೇಳಿ, ಚೀಟಿ ಇನ್ನೊಂದು ಹೇಳುವ ಜಾಗ ಸಿಕ್ಕೇ ಸಿಗುತ್ತದೆ. ಅಲ್ಲಿಂದಲೇ ಬರವಣಿಗೆ ಶುರುಮಾಡಿ.

‘ಒಂದೇ ಗುಕ್ಕಿಗೆ ಓದಿ ಮುಗಿಸಿದೆ’, ‘ಮನಮುಟ್ಟುವಂತಿದೆ’, ‘ಓದಿಸಿಕೊಂಡು ಹೋಗುತ್ತದೆ’: ಈ ಮೂರನ್ನು ಯಾವ ಕಾದಂಬರಿಗೆ ಅಂಟಿಸಿದರೂ ಅಂಟುತ್ತವೆ. ಅಂಥ ಸಾಲು ಬಂದಾಗ ‘ಎಲ್ಲಿ?’ ಮತ್ತು ‘ಹೇಗೆ?’ ಎಂದು ಕೇಳಿಕೊಳ್ಳಿ. ‘ತಾಯಿಯ ಪಾತ್ರ ಅದ್ಭುತವಾಗಿದೆ’ ಎಂದು ಬರೆದಿದ್ದೀರಿ ಅನ್ನೋಣ. ಎಲ್ಲಿ ಹಾಗನ್ನಿಸಿತು? ಚೀಟಿ ಹೀಗನ್ನುತ್ತದೆ: ‘ಪು. 64, ಮಗ ಮನೆ ಬಿಟ್ಟ ರಾತ್ರಿ, ಚಾಪೆ ಮಡಚುತ್ತಾಳೆ, ಮಾತಿಲ್ಲ’. ಈಗ ಸಾಲು ತಿದ್ದಿ: ‘ಮಗ ಮನೆ ಬಿಟ್ಟು ಹೋದ ರಾತ್ರಿ ತಾಯಿ ಅಳುವುದಿಲ್ಲ, ಅವನ ಚಾಪೆಯನ್ನು ಮಡಚಿ ಮತ್ತೆ ಬಿಡಿಸುತ್ತಾಳೆ. ನೂರು ಪುಟ ಹೀಗೆ ಮಾತಿಲ್ಲದೆ ನಡೆದ ಕಥೆಯನ್ನು ಕೊನೆಗೊಂದು ಉದ್ದದ ಪತ್ರ ಬಂದು ವಿವರಿಸಿಬಿಡುತ್ತದೆ. ಅಲ್ಲಿ ಕಾದಂಬರಿ ನನ್ನ ಕೈತಪ್ಪಿತು.’ ಮೆಚ್ಚುಗೆ, ತಕರಾರು, ಎರಡಕ್ಕೂ ಕಾರಣ, ಎಲ್ಲವೂ ಬಂತು. ಓದಿದವರು ಒಪ್ಪದೆ ಇರಬಹುದು. ಒಪ್ಪದಿರುವುದಕ್ಕೂ ಹಿಡಿಯೊಂದು ಬೇಕಲ್ಲ, ಅದನ್ನು ನೀವು ಕೊಟ್ಟಿದ್ದೀರಿ.

ಆದರೆ ಆ ಪತ್ರದಲ್ಲಿ ಏನಿತ್ತು ಎಂದು ಹೇಳಬಾರದು. ಕಥಾಸಾರ ಮೂರು ವಾಕ್ಯಕ್ಕೆ ನಿಲ್ಲಲಿ, ಅದೂ ಕಾದಂಬರಿಯ ಮೊದಲ ಕಾಲು ಭಾಗದೊಳಗಿನದು. ಕೊನೆಯ ಬಗ್ಗೆ ಹೇಳಲೇಬೇಕಿದ್ದರೆ ಸ್ಪಾಯ್ಲರ್ (ಕಥೆಯ ಗುಟ್ಟು ಬಿಟ್ಟುಕೊಡುವ ಮಾತು) ಎಂದು ಗುರುತಿಸಿ ಮರೆಮಾಡುವ ಸೌಲಭ್ಯ ಬಳಸಿ. ಅನುವಾದಿತ ಕಾದಂಬರಿಯಾದರೆ ಅನುವಾದಕರ ಹೆಸರು ಬರೆಯಿರಿ. ಸಂಭಾಷಣೆ ಕೃತಕ ಅನ್ನಿಸಿದರೆ ಅದು ಮೂಲದ್ದೋ ಅನುವಾದದ್ದೋ ಎಂದು ಮೂಲ ನೋಡದೆ ತೀರ್ಪು ಕೊಡಬೇಡಿ. ಪುಸ್ತಕದಿಂದ ಎತ್ತಿದ ಸಾಲು ಎರಡು ವಾಕ್ಯ ಮೀರದಿರಲಿ, ಅಕ್ಷರ ಅಕ್ಷರ ತಾಳೆ ನೋಡಿ. ಒಟ್ಟು 150ರಿಂದ 200 ಪದ ಸಾಕು. ನಕ್ಷತ್ರ ಕೊಡುವುದು ಎಲ್ಲ ಬರೆದಾದ ಮೇಲೆ. ಮೊದಲೇ ಕೊಟ್ಟರೆ ಬರವಣಿಗೆ ಅದನ್ನು ಸಮರ್ಥಿಸಿಕೊಳ್ಳಲು ಹೊರಡುತ್ತದೆ.

ಈಗ ಆ್ಯಪ್. ಹೆಚ್ಚಿನವರಿಗೆ ಗೊತ್ತಿರುವುದು ಗುಡ್‌ರೀಡ್ಸ್. 2013ರಿಂದ ಅದು ಅಮೆಜಾನ್ ಕೈಯಲ್ಲಿದೆ, ಓದುಗರ ದೊಡ್ಡ ಸಂತೆಯೇ ಅಲ್ಲಿದೆ, ಆದರೆ ಅರ್ಧ ನಕ್ಷತ್ರ ಕೊಡಲು ಬಾರದು. ಸ್ಟೋರಿಗ್ರಾಫ್‌ನಲ್ಲಿ ಕಾಲು ನಕ್ಷತ್ರದವರೆಗೆ ಹೋಗಬಹುದು. ಕಥೆಯ ಓಟ ಹೇಗಿದೆ, ಘಟನೆ ಮುಖ್ಯವೋ ಪಾತ್ರ ಮುಖ್ಯವೋ ಎಂದೂ ಅದು ಕೇಳುತ್ತದೆ, ಬರೆಯಲು ತಡಕಾಡುವವರಿಗೆ ಆ ಪ್ರಶ್ನೆಗಳೇ ದಾರಿ ತೋರುತ್ತವೆ. 2005ರಲ್ಲಿ ಶುರುವಾದ ಲೈಬ್ರರಿಥಿಂಗ್ ಪುಸ್ತಕದ ಆವೃತ್ತಿಗಳನ್ನು ಅಚ್ಚುಕಟ್ಟಾಗಿ ಜೋಡಿಸಿಡುವವರಿಗೆ ಹಿಡಿಸುತ್ತದೆ. ಇನ್ನೂ ಹೊಸವು ಬರುತ್ತಲೇ ಇರುತ್ತವೆ. ಯಾವುದಾದರೂ ಸರಿ, ಇಡೀ ಪಟ್ಟಿಯನ್ನು ಮೊದಲ ದಿನವೇ ತುಂಬಬೇಡಿ.

ಹತ್ತು ಪುಸ್ತಕ ಹಾಕಿ ನೋಡಿ, ಅದೂ ತೊಂದರೆ ಕೊಡುವಂಥವನ್ನೇ ಆರಿಸಿ: ಎರಡು ಅನುವಾದ, ಎರಡು ಹಳೆಯ ಮುದ್ರಣ, ಅರ್ಧಕ್ಕೆ ಬಿಟ್ಟದ್ದೊಂದು, ಎರಡು ಸಲ ಓದಿದ್ದೊಂದು, ಮಿಕ್ಕವು ಹೊಸವು. ಹಿಂಬದಿಯ ಬಾರ್‌ಕೋಡ್ ಸ್ಕ್ಯಾನ್ ಮಾಡಿದರೆ 978 ಅಥವಾ 979ರಿಂದ ಶುರುವಾಗುವ 13 ಅಂಕಿಯ ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಮೂಲಕ ಪುಸ್ತಕ ಸಿಗಬೇಕು. 2007ಕ್ಕಿಂತ ಹಿಂದಿನ ಪುಸ್ತಕಗಳಲ್ಲಿ ಸಾಮಾನ್ಯವಾಗಿ 10 ಅಂಕಿಯದಿರುತ್ತದೆ, ಅದನ್ನು ಕೈಯಾರೆ ಬರೆಯಬೇಕಾದೀತು. ಕನ್ನಡ ಪುಸ್ತಕಗಳನ್ನು ಕನ್ನಡ ಲಿಪಿಯಲ್ಲೂ ರೋಮನ್ ಲಿಪಿಯಲ್ಲೂ ಹುಡುಕಿ. ಒಂದೇ ಪುಸ್ತಕ ಎರಡು ಮೂರು ಕಾಗುಣಿತದಲ್ಲಿ ಸೇರಿಕೊಂಡಿರುವುದುಂಟು. ನೋಡದೆ ನಾಲ್ಕನೆಯದನ್ನು ಸೇರಿಸಿದರೆ ನಿಮ್ಮ ಅಭಿಪ್ರಾಯ ಯಾರ ಕಣ್ಣಿಗೂ ಬೀಳುವುದಿಲ್ಲ.

ಓದಿನ ಪಟ್ಟಿಯ ಆ್ಯಪ್‌ಗೆ ಬೇಕಾದ ಅನುಮತಿ ಎಂದರೆ ಬಾರ್‌ಕೋಡಿಗೆ ಕ್ಯಾಮೆರಾ, ಹೆಚ್ಚೆಂದರೆ ನೋಟಿಫಿಕೇಶನ್. ನೀವಿರುವ ಜಾಗ, ಮೈಕ್ ಕೇಳಿದರೆ ನಿರಾಕರಿಸಿ. ಸಂಪರ್ಕ ಪಟ್ಟಿ ಕೇಳುವುದು ಗೆಳೆಯರನ್ನು ಹುಡುಕಲು, ಅದಿಲ್ಲದೆಯೂ ಕೆಲಸ ನಡೆಯುತ್ತದೆ. ಉಚಿತ ಪ್ರಯೋಗದ ಅವಧಿಗೆ ಸೇರಿದ್ದರೆ ಮುಗಿಯುವ ಎರಡು ದಿನ ಮೊದಲು ಅಲಾರಾಂ ಇಟ್ಟುಕೊಳ್ಳಿ, ಆ್ಯಪಲ್‌ನಲ್ಲಂತೂ ಕನಿಷ್ಠ 24 ಗಂಟೆ ಮೊದಲೇ ರದ್ದು ಮಾಡಬೇಕು. ಆ್ಯಪ್ ಅಳಿಸಿದ ಮಾತ್ರಕ್ಕೆ ಚಂದಾ ನಿಲ್ಲುವುದಿಲ್ಲ. ಗೂಗಲ್ ಪ್ಲೇಯಲ್ಲಿ ನಿಮ್ಮ ಪ್ರೊಫೈಲ್ ಚಿತ್ರ ಒತ್ತಿ, ಪೇಮೆಂಟ್ಸ್ ವಿಭಾಗದೊಳಗಿನ ಸಬ್‌ಸ್ಕ್ರಿಪ್ಷನ್ಸ್‌ಗೆ ಹೋಗಿ ರದ್ದು ಮಾಡಬೇಕು.

ಕೊನೆಯ ಪರೀಕ್ಷೆ ಎಲ್ಲಕ್ಕಿಂತ ಮುಖ್ಯ: ಹಾಕಿದ್ದನ್ನು ಹೊರತೆಗೆಯಲು ಬರುತ್ತದೆಯೇ? ಆ ಹತ್ತು ಪುಸ್ತಕ ಹಾಕಿದ ದಿನವೇ ಎಕ್ಸ್‌ಪೋರ್ಟ್ ಮಾಡಿ ನೋಡಿ. ಗುಡ್‌ರೀಡ್ಸ್‌ನಲ್ಲಿ ಇದಕ್ಕೆ ಕಂಪ್ಯೂಟರಿನಲ್ಲಿ ಜಾಲತಾಣ ತೆರೆದು ‘ಮೈ ಬುಕ್ಸ್’ ಪುಟದ ಎಡಬದಿಯಲ್ಲಿ ಹುಡುಕಬೇಕು. ಸಿಗುವುದು ಸಿಎಸ್‌ವಿ ಫೈಲು, ಅಂದರೆ ಅಲ್ಪವಿರಾಮದಿಂದ ಬೇರ್ಪಡಿಸಿದ ಪಟ್ಟಿಯ ಪಠ್ಯ ಫೈಲು. ಅದನ್ನು ಸ್ಟೋರಿಗ್ರಾಫ್ ಹಾಗೇ ಒಳಗೆ ತೆಗೆದುಕೊಳ್ಳುತ್ತದೆ. ಫೈಲನ್ನು ಎರಡು ಸಲ ಕ್ಲಿಕ್ಕಿಸಿ ಎಕ್ಸೆಲ್‌ನಲ್ಲಿ ತೆರೆದರೆ ಕನ್ನಡವೆಲ್ಲ ಗೀಚುಗೀಚು ಅಕ್ಷರವಾಗಿ ಕಾಣಬಹುದು. ಹೆದರಬೇಡಿ, ಸೇವ್ ಕೂಡ ಮಾಡಬೇಡಿ. ಮುಚ್ಚಿ, ಖಾಲಿ ಹಾಳೆ ತೆರೆದು, ಡೇಟಾ ಮೆನುವಿನ ಟೆಕ್ಸ್ಟ್/ಸಿಎಸ್‌ವಿ ಆಯ್ಕೆಯಿಂದ ಅದೇ ಫೈಲನ್ನು ಕರೆತಂದು, ಫೈಲ್ ಒರಿಜಿನ್ ಎಂಬಲ್ಲಿ 65001 ಯೂನಿಕೋಡ್ ಆರಿಸಿದರೆ ಬರೆದದ್ದೆಲ್ಲ ಬರೆದಂತೆಯೇ ಕಾಣುತ್ತದೆ.