ಏರ್ ಬ್ರೇಕಾ, ಆಯಿಲ್ ಬ್ರೇಕಾ? ಹಳೇ ಮೋಟಾರ್‌ಹೋಮ್ ಕೊಂಡ ನನ್ನ ಅನುಭವ

ಹಳೇ ಮೋಟಾರ್‌ಹೋಮ್ (ಒಳಗೇ ಮನೆ ಮಾಡಿದ ಗಾಡಿ) ಮಾರುವವರು ಮೊದಲು ಒಳಗೆ ಕರೆದು ಹಾಸಿಗೆ, ಸಿಂಕು, ಫ್ರಿಜ್ಜು ತೋರಿಸುತ್ತಾರೆ. ನಾನು ಕೆಳಗೇ ನಿಂತು ಬ್ರೇಕ್ ವಿಚಾರ ಕೇಳುತ್ತಿದ್ದೆ. ದಾವಣಗೆರೆಯಿಂದ ಸಮುದ್ರ ನೋಡಲು ಹೊರಟರೆ ಆಗುಂಬೆಯೋ ದೇವಿಮನೆಯೋ, ಯಾವುದಾದರೂ ಒಂದು ಘಟ್ಟ ಇಳಿಯಲೇಬೇಕಲ್ಲ.

ಕೊನೆಗೆ ಎರಡು ಗಾಡಿ ಉಳಿದವು. ಚಿತ್ರದುರ್ಗದ ಮಿನಿಬಸ್ಸು ಪೂರ್ತಿ ಏರ್ ಬ್ರೇಕ್, ಅಂದರೆ ಟ್ಯಾಂಕಿನಲ್ಲಿ ಒತ್ತಿಟ್ಟ ಗಾಳಿಯ ಬಲದಿಂದ ಹಿಡಿಯುವುದು. ನಮ್ಮೂರಿನ ಟೆಂಪೊ ಟ್ರಾವೆಲರ್‌ದು ಹೈಡ್ರಾಲಿಕ್, ಫಿಟ್ಟರ್‌ಗಳ ಬಾಯಲ್ಲಿ ಆಯಿಲ್ ಬ್ರೇಕ್; ಪೆಡಲ್ ಒತ್ತಿದ ಬಲವನ್ನು ಪೈಪಿನೊಳಗಿನ ಆಯಿಲ್ ಚಕ್ರಕ್ಕೆ ಮುಟ್ಟಿಸುತ್ತದೆ. ಲಾರಿ ಓಡಿಸುವ ನಮ್ಮ ಭಾವನನ್ನು ಜೊತೆಗೆ ಕರೆದೊಯ್ದಿದ್ದೆ.

ಏರ್ ಬ್ರೇಕ್ ಗಾಡಿಯ ಒಂದು ಗುಣ ನನಗೆ ಹಿಡಿಸಿತು: ತನ್ನ ಕಾಯಿಲೆ ತಾನೇ ಹೇಳುತ್ತದೆ. ಗಾಳಿ ಟ್ಯಾಂಕ್ ಖಾಲಿ ಮಾಡಿಸಿ ಸ್ಟಾರ್ಟ್ ಮಾಡಿದೆವು. ಗೇಜಿನ ಮುಳ್ಳು ಏಳೆಂಟು ಬಾರ್‌ಗೆ (ಗಾಳಿ ಒತ್ತಡದ ಅಳತೆ) ಸಲೀಸಾಗಿ ಏರಿತು. ಚಕ್ರಕ್ಕೆ ಕಲ್ಲು ಕೊಟ್ಟು, ಇಂಜಿನ್ ಆರಿಸಿ, ಪೆಡಲ್ ಒತ್ತಿ ಹಿಡಿದಾಗ ಹಿಂದಿನ ಚಕ್ರದ ಬ್ರೇಕ್ ಚೇಂಬರ್ (ಗಾಳಿ ನುಗ್ಗಿ ಬ್ರೇಕ್ ಒತ್ತುವ ಡಬ್ಬಿ) ಕಡೆಯಿಂದ ಸುಸ್ ಎಂಬ ಸದ್ದು ಬಂತು, ಮುಳ್ಳು ಜಾರತೊಡಗಿತು. ಪೆಡಲ್ ತುಳಿದು ತುಳಿದು ಗಾಳಿ ಇಳಿಸಿದರೆ ಐದು ಬಾರ್ ಆಸುಪಾಸಿನಲ್ಲಿ ಗಾಳಿ ಕಮ್ಮಿಯಾಯಿತೆಂದು ಬಜರ್ ಕೂಗಬೇಕು. ಕೂಗಲಿಲ್ಲ. ಭಾವ ಟ್ಯಾಂಕಿನ ಡ್ರೈನ್ ಎಳೆದರು. ನೀರಿನ ಜೊತೆ ಬೆಳ್ಳಗಿನ ಎಣ್ಣೆ ಜಿಡ್ಡೂ ಚಿಮ್ಮಿತು. "ಕಂಪ್ರೆಸರ್ ಆಯಿಲ್ ತಳ್ತಾ ಐತಿ, ಡ್ರೈಯರ್‌ನೂ ಹೋಗೈತಿ ನೋಡು" ಅಂದರು. ಗಾಳಿ ತುಂಬುವ ಪಂಪೇ ಕಂಪ್ರೆಸರ್, ಆ ಗಾಳಿಯ ತೇವ ತೆಗೆಯುವುದು ಡ್ರೈಯರ್. ನಿಂತಲ್ಲೇ ನಿಲ್ಲುವ ಗಾಡಿಯಲ್ಲಿ ಈ ನೀರೇ ಟ್ಯಾಂಕು, ವಾಲ್ವು ಎಲ್ಲಕ್ಕೂ ತುಕ್ಕು ಹಿಡಿಸುತ್ತದೆ. ಇನ್ನು ಗಾಳಿ ಪೂರ್ತಿ ಇಳಿದರೆ ಗಾಳಿ ತಡೆದಿಟ್ಟಿದ್ದ ಸ್ಪ್ರಿಂಗ್ ಬ್ರೇಕ್ ಬಿಗಿದು ಗಾಡಿ ಅಲ್ಲಾಡುವುದಿಲ್ಲ. ಇಳಿಜಾರಿನಲ್ಲಿ ಅದೇ ನಮ್ಮ ಜೀವ ಉಳಿಸುತ್ತದೆ, ಆ ಮಾತು ಬೇರೆ.

ಆಯಿಲ್ ಬ್ರೇಕಿನದು ಗುಟ್ಟು ಜಾಸ್ತಿ. ಊರೊಳಗೆ ಪಿ.ಬಿ. ರೋಡಿನಲ್ಲಿ ಒಂದು ಸುತ್ತು ಹೊಡೆದರೆ ಎಲ್ಲ ಸರಿಯಾಗೇ ಇರುತ್ತದೆ. ಅದಕ್ಕೇ ನಿಂತಲ್ಲೇ ಪರೀಕ್ಷೆ ಮಾಡಿದೆ. ಇಂಜಿನ್ ಆಫ್ ಇದ್ದಾಗ ಪೆಡಲ್ ಗಟ್ಟಿಯಾಗುವವರೆಗೆ ತುಳಿದು, ಹಾಗೇ ಒತ್ತಿಕೊಂಡು ಸ್ಟಾರ್ಟ್ ಮಾಡಬೇಕು. ಪೆಡಲ್ ಸ್ವಲ್ಪ ಕೆಳಗಿಳಿದರೆ ಬೂಸ್ಟರ್ (ಕಾಲಿನ ಒತ್ತಿಗೆ ಬಲ ಕೂಡಿಸುವ ಭಾಗ) ಸರಿಯಿದೆ. ಆಮೇಲೂ ಒತ್ತಿಯೇ ಹಿಡಿದಾಗ ನಿಧಾನವಾಗಿ ಇಳಿಯುತ್ತಲೇ ಹೋದರೆ ಪೈಪಿಗೆ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಮೇಲೆ ಅನುಮಾನ ಪಡಬೇಕು. ಇದರಲ್ಲಿ ಇಳಿಯಲಿಲ್ಲ. ಡೀಸೆಲ್ ಗಾಡಿಯಲ್ಲಿ ಬೂಸ್ಟರ್‌ಗೆ ಬೇಕಾದ ವ್ಯಾಕ್ಯೂಮ್ (ಗಾಳಿ ಹೀರಿ ತೆಗೆದ ನಿರ್ವಾತ) ಒದಗಿಸಲು ಬೇರೆ ಪಂಪ್ ಇರುತ್ತದೆ. ಇದರಲ್ಲಿ ಅದು ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್ ಹಿಂದೆ ಇತ್ತು. ಅಲ್ಲಿಂದ ಬರುವ ರಬ್ಬರ್ ಹೋಸನ್ನು ಬಗ್ಗಿಸಿ ನೋಡಿದರೆ ಸೀಳು ಕಾಣಿಸಿತು.

ಬ್ರೇಕ್ ಆಯಿಲ್ ಮಾತ್ರ ಹಾಲಿಲ್ಲದ ಚಹಾದಂತೆ ಕಪ್ಪಾಗಿತ್ತು. ಅದು ಗಾಳಿಯಿಂದ ತೇವ ಹೀರುತ್ತದೆ. ಹೊಸ ಡಾಟ್ 4 (ಬ್ರೇಕ್ ಆಯಿಲಿನ ಒಂದು ದರ್ಜೆ) ಆಯಿಲ್ 230 ಡಿಗ್ರಿ ಸೆಲ್ಸಿಯಸ್‌ಗಿಂತ ಮೊದಲು ಕುದಿಯಬಾರದು. ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಘಟ್ಟದಲ್ಲಿ ಕಾದು ಕುದಿದರೆ ಪೈಪಿನೊಳಗೆ ಆವಿ ತುಂಬಿ ಪೆಡಲ್ ನೆಲಕ್ಕೆ ಹೋಗುತ್ತದೆ. ಹಿಂದಿನ ಚಕ್ರದ ಒಂದು ಬ್ರೇಕ್ ಡ್ರಮ್ಮನ್ನೂ ಬಿಚ್ಚಿಸಿದೆ. ಮಾಲೀಕರು ಮುಖ ಸಿಂಡರಿಸಿದರು, ಫಿಟ್ಟರ್ ಕೂಲಿ ನಾನೇ ಕೊಡುತ್ತೇನೆ ಅಂದ ಮೇಲೆ ಒಪ್ಪಿದರು. ಚಕ್ರದಲ್ಲಿ ಬ್ರೇಕ್ ಒತ್ತುವ ವೀಲ್ ಸಿಲಿಂಡರ್ ರಬ್ಬರಿನ ಸುತ್ತ ಒದ್ದೆ, ಡ್ರಮ್ಮಿಗೆ ಉಜ್ಜುವ ಲೈನರ್ ಅರ್ಧಕ್ಕಿಂತ ಹೆಚ್ಚು ಇತ್ತು, ಡ್ರಮ್ಮಿನಲ್ಲಿ ಕಾದು ನೀಲಿಯಾದ ಗುರುತು ಇರಲಿಲ್ಲ.

ಹಾಗಂತ ಬ್ರೇಕ್ ಒಂದನ್ನೇ ನೋಡಿದರೆ ಸಾಲದು. ಮರದ ಕಪಾಟು, ಬ್ಯಾಟರಿ, ನೀರಿನ ಟ್ಯಾಂಕ್ ಎಲ್ಲ ಸೇರಿ ಗಾಡಿ ಎಷ್ಟು ಭಾರವಾಗಿದೆ ಅನ್ನುವುದು ಗೊತ್ತಾಗಬೇಕು. ನೂರು ಲೀಟರ್ ನೀರೆಂದರೆ ನೂರು ಕೆಜಿ. ಟ್ಯಾಂಕ್ ತುಂಬಿಸಿ, ಮನೆಮಂದಿಯನ್ನೆಲ್ಲ ಕೂರಿಸಿ ಟ್ರಾವೆಲರನ್ನು ವೇ ಬ್ರಿಡ್ಜ್ ಮೇಲೆ ನಿಲ್ಲಿಸಿದೆ. ಆರ್‌ಸಿಯಲ್ಲಿದ್ದ ಒಟ್ಟು ತೂಕದ ಮಿತಿಯೊಳಗೇ ಬಂತು. ಮಿತಿ ಮೀರಿದ್ದರೆ ಎಂಥ ಒಳ್ಳೆ ಬ್ರೇಕ್ ಇದ್ದರೂ ಬೇಡ ಅನ್ನುತ್ತಿದ್ದೆ.

ಟ್ರಾವೆಲರ್ ತಗೊಂಡೆ. ಏರ್ ಬ್ರೇಕ್ ಕೀಳೆಂದಲ್ಲ. ಭಾರದ ಗಾಡಿಗೆ ಅದೇ ಬೇಕು. ಆದರೆ ನಮ್ಮದು ವರ್ಷದ ಬಹುಪಾಲು ಮನೆ ಮುಂದೆ ನಿಲ್ಲುವ ಗಾಡಿ. ಇದರ ರಬ್ಬರ್ ಕಿಟ್ಟು, ಹೋಸು ಹರಿಹರದಲ್ಲೂ ಸಿಗುತ್ತವೆ, ಶಿರಸಿಯಲ್ಲೂ ಸಿಗುತ್ತವೆ. ಮೇಲಾಗಿ ಒಟ್ಟು ತೂಕ 7500 ಕೆಜಿಯೊಳಗಿದ್ದರೆ ನನ್ನ ಎಲ್‌ಎಂವಿ (ಹಗುರ ವಾಹನದ) ಲೈಸೆನ್ಸೇ ಸಾಕು.

ಕೊಂಡ ಕೂಡಲೇ ಹಳೇ ಆಯಿಲ್ ಪೂರ್ತಿ ತೆಗೆಸಿ ಬ್ಲೀಡ್ ಮಾಡಿಸಿದೆ, ಅಂದರೆ ಪೈಪಿನೊಳಗಿನ ಗಾಳಿ ಹೊರಹಾಕಿಸಿದೆ. ವ್ಯಾಕ್ಯೂಮ್ ಹೋಸು, ನಾಲ್ಕೂ ಚಕ್ರದ ಬ್ರೇಕ್ ರಬ್ಬರು ಹೊಸದು ಹಾಕಿಸಿದೆ. ಈಗ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸುವುದು ಅಂತ ಇಟ್ಟುಕೊಂಡಿದ್ದೇನೆ. ದೇವಿಮನೆ ಇಳಿಯುವಾಗ ಸೆಕೆಂಡ್ ಗೇರ್ ಬಿಡುವುದಿಲ್ಲ, ಇಂಜಿನ್ ಅಂತೂ ಆರಿಸುವುದೇ ಇಲ್ಲ. ಆರಿಸಿದರೆ ಎರಡು ಮೂರು ಸಲ ತುಳಿಯುವಷ್ಟರಲ್ಲಿ ಬೂಸ್ಟರ್ ಬಲ ಮುಗಿಯುತ್ತದೆ.