ತಂತಿ ಬಿಗಿಯೋಕೆ ನಾಲ್ಕು ಭಾನುವಾರ

ಕರ್ಟಿಸ್ ಎಕ್ಸ್‌ಎ-8 ಶ್ರೈಕ್ ವಿಮಾನದ ಮಾದರಿ ಮಾಡೋಣ ಅಂತ ಕೂತಾಗ ರೆಕ್ಕೆಯೇ ಕಷ್ಟ ಅಂದುಕೊಂಡಿದ್ದೆ. ರೆಕ್ಕೆ ಎರಡು ದಿನದಲ್ಲಿ ಮುಗಿಯಿತು. ಕಾಡಿದ್ದು ತಂತಿ.

ಇದು 1931ರಲ್ಲಿ ಅಮೆರಿಕದ ಸೇನೆಗಾಗಿ ಮಾಡಿದ ಒಂಟಿ ಎಂಜಿನ್ನಿನ ಪ್ರಯೋಗದ ವಿಮಾನ. ತೀರಾ ಕೆಳಗೆ ಹಾರಿ ನೆಲದ ಮೇಲಿನ ಪಡೆಗಳನ್ನು ಹೊಡೆಯುವುದು ಇದರ ಕೆಲಸ. ಮೈಯೆಲ್ಲ ಲೋಹ, ಕೆಳಗಡೆ ಒಂದೇ ಜೊತೆ ರೆಕ್ಕೆ. ಆದರೂ ಆ ರೆಕ್ಕೆಯನ್ನು ಹಳೇ ಬೈಪ್ಲೇನ್ (ಮೇಲೊಂದು ಕೆಳಗೊಂದು ಜೊತೆ ರೆಕ್ಕೆಯ ವಿಮಾನ) ಥರ ಹೊರಗಿನಿಂದ ತಂತಿ ಕಟ್ಟಿ ಬಿಗಿದಿದ್ದರು. ಕರ್ಟಿಸ್ ಮೇಲೆ ನನಗೆ ಮೊದಲಿಂದಲೂ ಮೋಹ. ಇದೇ ಕಂಪನಿಯ ಹಾಕ್ ವಿಮಾನ 1942ರಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್‌ನಲ್ಲಿ ತಯಾರಾಗಿ ಹಾರಿತ್ತಲ್ವಾ!

ನಾನು ಆರಿಸಿಕೊಂಡ ಅಳತೆ 1:48. ಅಸಲಿ ವಿಮಾನ ರೆಕ್ಕೆಯ ತುದಿಯಿಂದ ತುದಿಗೆ 44 ಅಡಿ, ನನ್ನದು 28 ಸೆಂಟಿಮೀಟರ್. ಮೈಗೆ ಬಾಲ್ಸಾ ಕಟ್ಟಿಗೆ, ರೆಕ್ಕೆಗೆ ಪ್ಲಾಸ್ಟಿಕ್ ಶೀಟ್. ಮೂಗಿನ ಕೆಳಗಿನ ರೇಡಿಯೇಟರಿಗೆ ಹಳೇ ಟೀ ಸೋಸುವ ಜಾಲರಿ ಕತ್ತರಿಸಿ ಹಾಕಿದೆ. ಈ ರೇಡಿಯೇಟರೇ ಮುಂದೆ ಸೇನೆಗೆ ತಲೆನೋವಾಯಿತು. ಕೆಳಗಿನಿಂದ ಒಂದು ಗುಂಡು ಬಡಿದು ಎಂಜಿನ್ ತಣಿಸುವ ದ್ರವ ಸೋರಿದರೆ ಎಂಜಿನ್ ಕಥೆ ಮುಗಿಯಿತು. ಅದಕ್ಕೇ ಇದೇ ಸಾಲಿನ ನಂತರದ ವಿಮಾನ ಎ-12ಕ್ಕೆ ಗಾಳಿಯಿಂದಲೇ ತಣಿಯುವ ಎಂಜಿನ್ ಕೂರಿಸಿದರು.

ನನಗೆ ಜಾಸ್ತಿ ಇಷ್ಟವಾದ ಭಾಗ ಚಕ್ರದ ಕವಚ. ಪೈಜಾಮ ತೊಡಿಸಿದ ಹಾಗಿದೆ. ಒಂದೊಂದು ಕವಚದಲ್ಲಿ ಎರಡೆರಡು ಮೆಷಿನ್ ಗನ್. ಪ್ರೊಪೆಲ್ಲರ್ ತಿರುಗುವ ಜಾಗದಿಂದ ಆಚೆ ಇರುವುದರಿಂದ ಅಲಗುಗಳ ನಡುವೆ ಲೆಕ್ಕ ಹಾಕಿ ಗುಂಡು ಹಾರಿಸುವ ಗೊಡವೆಯೇ ಇಲ್ಲ. ನಳಿಗೆಗಳಿಗೆ ಇಂಜೆಕ್ಷನ್ ಸೂಜಿ ಕತ್ತರಿಸಿ ಹಾಕಿದೆ.

ಎಡವಟ್ಟು ಆಗಿದ್ದು ಇಲ್ಲೇ. ಕಣ್ಣಳತೆಯಲ್ಲೇ ಕವಚಗಳನ್ನು ಅಂಟಿಸಿಬಿಟ್ಟೆ. ರೆಕ್ಕೆಯ ಕೆಳಗಿನ ತಂತಿಗಳು ಬರುವುದು ಈ ಕವಚಗಳಿಂದಲೇ. ಎಡಗಡೆಯದು ಕೂದಲೆಳೆಯಷ್ಟು ಒಳಗೆ ವಾಲಿತ್ತು. ತಂತಿ ಕಟ್ಟಿದ ಮೇಲೆ ನೋಡಿದರೆ ಎರಡು ಬದಿಯ ಕೋನ ಬೇರೆ ಬೇರೆ! ಎಲ್ಲ ಕಿತ್ತೆ. ರಟ್ಟಿನಲ್ಲಿ ಒಂದು ಅಚ್ಚು ಕತ್ತರಿಸಿ, ರೆಕ್ಕೆ, ಮೈ, ಕವಚ ಮೂರನ್ನೂ ಅದರಲ್ಲಿ ಕೂರಿಸಿ, ರಾತ್ರಿಯಿಡೀ ಒಣಗಲು ಬಿಟ್ಟೆ.

ತಂತಿಗೆ ಬಳಸಿದ್ದು ತೆಳ್ಳನೆಯ ನೈಲಾನ್ ಗಾಳದ ದಾರ. ಮೊದಲು ಮೇಲಿನವು, ಆಮೇಲೆ ಕೆಳಗಿನವು. ಸಡಿಲ ಇದ್ದರೆ ಉರಿಯುವ ಊದುಬತ್ತಿಯ ತುದಿಯನ್ನು ಹತ್ತಿರ ತಂದರೆ ಸಾಕು, ದಾರ ತಾನಾಗೇ ಬಿಗಿಯುತ್ತದೆ. ತಾಗಿಸಿದರೆ ಮಾತ್ರ ಕರಗಿ ಹೋಗುತ್ತದೆ, ನನಗೆ ಮೂರು ಸಲ ಹೋಯಿತು. ಕೊನೆಗೆ ದಾರಗಳಿಗೆ ಬೆಳ್ಳಿ ಬಣ್ಣ ಸವರಿದೆ. ರೆಕ್ಕೆಗೆ ಹಳದಿ, ಮೈಗೆ ಮಂಕು ಹಸಿರು.

ಹಿಂದೆ ಕೂರುವವನ ಮೆಷಿನ್ ಗನ್ ಇನ್ನೂ ಬಾಕಿ. ಎರಡು ಸಲ ಮಾಡಿದೆ, ಎರಡೂ ಕೈಜಾರಿ ಬಿದ್ದವು. ಮೊಸಾಯಿಕ್ ನೆಲದಲ್ಲಿ ಎಷ್ಟು ಹುಡುಕಿದರೂ ಸಿಗಲಿಲ್ಲ.