ಮೆಸೊಪೊಟೇಮಿಯಾದ ಮನೆಬಾಳನ್ನು ಮಣ್ಣಿನಲ್ಲಿ ಓದುವುದು ಹೇಗೆ

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನ ಮೇಲಿನ ಮಹಡಿಯಲ್ಲಿ 55 ಮತ್ತು 56ನೇ ಸಂಖ್ಯೆಯ ಎರಡು ಕೋಣೆಗಳಿವೆ. ಟೈಗ್ರಿಸ್ ಮತ್ತು ಯೂಫ್ರೆಟಿಸ್ ನದಿಗಳ ನಡುವಿನ ಮೆಸೊಪೊಟೇಮಿಯಾ, ಅಂದರೆ ಬಹುಮಟ್ಟಿಗೆ ಇಂದಿನ ಇರಾಕ್, ಆ ಕೋಣೆಗಳಲ್ಲಿದೆ. ಊರಿನಿಂದ ಬಂದ ನೆಂಟರನ್ನು ಹನ್ನೊಂದು ವರ್ಷಗಳಿಂದ ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದೇನೆ. ಹೆಚ್ಚಿನವರು ಚಿನ್ನದ ಒಡವೆಗಳ ಮುಂದೆ ಒಂದು ಫೋಟೋ ತೆಗೆಸಿಕೊಂಡು ಈಜಿಪ್ಟಿನ ಮಮ್ಮಿಗಳ ಕಡೆಗೆ ಹೊರಟುಬಿಡುತ್ತಾರೆ. ನಾನೂ ಹಾಗೆಯೇ ಹೊರಡುತ್ತಿದ್ದೆ. ಅಪ್ಪ ಬಂದ ಮೇಲೆ ಅದು ಬದಲಾಯಿತು.

ಅಪ್ಪ ಖಾನಾಪುರದ ಹತ್ತಿರದ ಕುಂಬಾರರು. ಐವತ್ತು ವರ್ಷ ತಿಗರಿ ತಿರುಗಿಸಿದ ಕೈ ಅವರದು. ಇಂಗ್ಲಿಷ್ ಬಾರದ ಅವರಿಗೆ ಫಲಕಗಳನ್ನು ಓದಿ ಹೇಳಲು ಹೋದರೆ ಕೈಯಾಡಿಸಿ ಸುಮ್ಮನಾಗಿಸಿದರು. "ನೋಡವ್ವ, ಮಣ್ಣಿನ ಸಾಮಾನು ಕಂಡರೆ ಅದು ಹಸಿ ಇದ್ದಾಗ ಯಾರ ಕೈ ಬಿದ್ದಿದೆ ಅನ್ನುವುದನ್ನು ನೋಡಬೇಕು. ಉಳಿದದ್ದು ಆಮೇಲೆ" ಎಂದರು. ಅಂದಿನಿಂದ ನಾನು ಯಾರನ್ನು ಕರೆದೊಯ್ದರೂ ಅವರ ದಾರಿಯಲ್ಲೇ ಕರೆದೊಯ್ಯುತ್ತೇನೆ. ಆ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಹಿಂದಿನ ರಾತ್ರಿ ಮನೆಯಲ್ಲಿ ಒಂದು ಕೆಲಸ ಮಾಡಿ. ಚಪಾತಿ ಹಿಟ್ಟನ್ನು ಹಪ್ಪಳದ ಹಿಟ್ಟಿನಷ್ಟು ಬಿಗಿಯಾಗಿ ಕಲಸಿ, ಅಂಗೈಯಲ್ಲಿ ಹಿಡಿಸುವಷ್ಟು ಉಂಡೆ ಮಾಡಿ ತಟ್ಟಿಕೊಳ್ಳಿ. ಚೌಕ ಮೂಲೆಯ ಒಂದು ಕಡ್ಡಿ ಬೇಕು. ಐಸ್‌ಕ್ರೀಮ್ ಕಡ್ಡಿಯ ತುದಿಯನ್ನು ನೇರವಾಗಿ ಕತ್ತರಿಸಿದರೂ ಸಾಕು. ಕಡ್ಡಿಯನ್ನು ಓರೆಯಾಗಿ ಹಿಡಿದು ಮೂಲೆಯನ್ನು ಹಿಟ್ಟಿಗೆ ಒತ್ತಿ ಎತ್ತಿ. ಎಳೆಯಬೇಡಿ, ಎಳೆದರೆ ಅಂಚು ಕಿತ್ತು ಬರುತ್ತದೆ. ತಲೆ ಅಗಲ, ಬಾಲ ಸಣ್ಣ ಇರುವ ಗುರುತು ಮೂಡುತ್ತದೆ. ಬೆಣೆಲಿಪಿ ಎಂದರೆ ಅದೇ. ಜೊಂಡಿನ ಕಡ್ಡಿಯಿಂದ ಹಸಿ ಮಣ್ಣಿನ ಮೇಲೆ ಸುಮಾರು ಮೂರು ಸಾವಿರ ವರ್ಷ ಹೀಗೆಯೇ ಬರೆದರು.

ಈಗ ನಿಮ್ಮ ವಯಸ್ಸನ್ನು ಬರೆಯಿರಿ. ನೆಟ್ಟಗೆ ನಿಂತ ಬೆಣೆ ಒಂದು. ಕಡ್ಡಿಯ ಮೂಲೆಯನ್ನಷ್ಟೇ ಒತ್ತಿದ ಕೊಕ್ಕೆಯಂಥ ಗುರುತು ಹತ್ತು. ನನಗೆ 43, ಹಾಗಾಗಿ ನಾಲ್ಕು ಕೊಕ್ಕೆ, ಮೂರು ಬೆಣೆ. ಅರವತ್ತಕ್ಕೆ ಎಣಿಕೆ ಒಂದು ಸುತ್ತು ಮುಗಿದು ಮತ್ತೆ ನೆಟ್ಟಗಿನ ಬೆಣೆಯೇ ಬರುತ್ತದೆ. ಆಗ ಅಪ್ಪನಿಗೆ 71. ಅರವತ್ತಕ್ಕೆ ಒಂದು ಬೆಣೆ, ಹತ್ತಕ್ಕೆ ಒಂದು ಕೊಕ್ಕೆ, ಒಂದಕ್ಕೆ ಇನ್ನೊಂದು ಬೆಣೆ, ಮೂರೇ ಗುರುತಿನಲ್ಲಿ ಮುಗಿಯಿತು. "ಷಷ್ಟಿ ಆದವರಿಗೆ ಒಂದೇ ಗೆರೆಯೋ!" ಎಂದು ಅವರಿಗೆ ಬಹಳ ಸಂತೋಷವಾಯಿತು. ಈ ಅಭ್ಯಾಸವನ್ನು ಬಿಡಬೇಡಿ. ಒಮ್ಮೆ ಒತ್ತಿ ನೋಡಿದ ಕಣ್ಣಿಗೆ ಮರುದಿನ ಗಾಜಿನ ಹಿಂದಿರುವುದು ಕಾಗೆಕಾಲಿನ ಗೀಚಾಗಿ ಕಾಣುವುದಿಲ್ಲ.

ಮ್ಯೂಸಿಯಂಗೆ ಪ್ರವೇಶ ಉಚಿತ. ಶುಕ್ರವಾರ ರಾತ್ರಿ ಎಂಟೂವರೆಯವರೆಗೆ ತೆರೆದಿರುತ್ತದೆ, ಸಂಜೆ ಐದರ ನಂತರ ಈ ಕೋಣೆಗಳಲ್ಲಿ ನಿಂತು ನೋಡಲು ಜಾಗ ಸಿಗುತ್ತದೆ. ಮಣ್ಣಿನ ಹಲಗೆಗಳ ಮುಂದೆ ನೇರವಾಗಿ ನಿಲ್ಲಬೇಡಿ. ಪಕ್ಕಕ್ಕೆ ಸರಿದು, ಸ್ವಲ್ಪ ಬಗ್ಗಿ, ಬೆಳಕು ಓರೆಯಾಗಿ ಬೀಳುವ ಕೋನವನ್ನು ಹುಡುಕಿಕೊಳ್ಳಿ. ನೇರ ಬೆಳಕಿನಲ್ಲಿ ಬೆಣೆಗಳು ಅಳಿಸಿಹೋದಂತೆ ಇರುತ್ತವೆ, ಓರೆ ಬೆಳಕಿನಲ್ಲಿ ಒಂದೊಂದಕ್ಕೂ ನೆರಳು ಬರುತ್ತದೆ.

ಚಿನ್ನವನ್ನು ದಾಟಿ ಮೊದಲು ಅತಿ ಅಗ್ಗದ ವಸ್ತುವಿನ ಬಳಿ ಹೋಗಿ. ಮಣ್ಣಿನ ಕುಡುಗೋಲು ಕಂಡರೆ ಅಲ್ಲಿಂದ ಶುರು ಮಾಡಿ. ದಕ್ಷಿಣ ಮೆಸೊಪೊಟೇಮಿಯಾ ನದಿಗಳು ತಂದು ಹಾಸಿದ ಮೆಕ್ಕಲು ಮಣ್ಣಿನ ಬಯಲು. ಕಲ್ಲಿಲ್ಲ, ಅದಿರಿಲ್ಲ, ಒಳ್ಳೆಯ ಮರವೂ ಇಲ್ಲ. ಆರು ಸಾವಿರ ವರ್ಷಗಳಿಗೂ ಹಿಂದೆ ಅಲ್ಲಿನ ರೈತರು ಪೈರು ಕೊಯ್ಯುವ ಕುಡುಗೋಲನ್ನೂ ಮಣ್ಣಿನಲ್ಲೇ ಮಾಡಿ ಗಟ್ಟಿಯಾಗಿ ಸುಟ್ಟುಕೊಂಡರು. ಅಪ್ಪ ಇದನ್ನು ನಂಬಲು ಸಿದ್ಧರಿರಲಿಲ್ಲ. ಕಾವು ಮಿತಿಮೀರಿದರೆ ಆವಿಗೆಯಲ್ಲಿ ಮಡಕೆ ಸೊಟ್ಟಗಾಗುತ್ತದೆ ಎಂಬ ಭಯದಲ್ಲೇ ಬದುಕಿದವರು ಅವರು. ಅಂಥ ಕಾವನ್ನೇ ಬೇಕೆಂದು ಕೊಟ್ಟವರಿದ್ದರೆಂದು ತಿಳಿದು ಗಾಜಿಗೆ ಹಣೆ ತಾಗುವಂತೆ ಬಗ್ಗಿ ನೋಡಿದರು.

ಆಮೇಲೆ ಓರೆ ಅಂಚಿನ ಬಟ್ಟಲುಗಳು. ಒರಟು, ಬಣ್ಣವಿಲ್ಲ, ಅಂದವಿಲ್ಲ. ದಕ್ಷಿಣ ಮೆಸೊಪೊಟೇಮಿಯಾದ ಉರುಕ್ ನಗರದ ಹೆಸರು ಹೊತ್ತ ಉರುಕ್ ಕಾಲದವು, ಅಂದರೆ ಕ್ರಿ.ಪೂ. 4000ದಿಂದ 3100ರ ನಡುವಿನವು. ಅಗೆದ ಕಡೆಯಲ್ಲೆಲ್ಲ ರಾಶಿಗಟ್ಟಲೆ ಸಿಕ್ಕಿವೆ. ಮಣ್ಣಿಗೆ ಹೊಟ್ಟು ಬೆರೆಸಿದ್ದಾರೆ. ನಮ್ಮಲ್ಲಿ ಬೂದಿಯನ್ನೋ ಕುದುರೆ ಲದ್ದಿಯನ್ನೋ ಬೆರೆಸುವಂತೆ, ಬಿರುಕು ಬಿಡದಿರಲಿ ಎಂದು. ಹೊಟ್ಟು ಉರಿದುಹೋದ ಸಣ್ಣ ಸಣ್ಣ ತೂತುಗಳನ್ನು ಅಂಚಿನಲ್ಲಿ ಹುಡುಕಿ. ಒಳತಳವನ್ನೂ ನೋಡಿ, ಕೆಲವಲ್ಲಿ ಮುಷ್ಟಿ ಅಥವಾ ಬೆರಳ ಗೆಣ್ಣು ಒತ್ತಿದ ತಗ್ಗು ಇರುತ್ತದೆ. ಅಪ್ಪ ಒಂದು ನಿಮಿಷ ನೋಡಿ, "ಇದು ತಿಗರಿಯದಲ್ಲ, ಒತ್ತಿ ಮಾಡಿದ್ದು. ಮಾಡಿದವನಿಗೆ ಅವಸರವಿತ್ತು" ಎಂದರು. ಬಲಗೈ ಮುಷ್ಟಿ ಹಿಡಿದು ಗಾಜಿನ ಈಚೆಯಿಂದ ಆ ತಗ್ಗಿನ ನೇರಕ್ಕೆ ತಂದು, ಮಣಿಕಟ್ಟನ್ನು ಸ್ವಲ್ಪ ತಿರುಗಿಸಿದರು. ಫಲಕದಲ್ಲಿ ಅಂಥ ಮಾತು ಇರಲಿಲ್ಲ. ಅವಸರ ಏಕೆಂದರೆ, ಈ ಬಟ್ಟಲು ದುಡಿದವರಿಗೆ ಪಡಿ ಕೊಡಲು ಬಳಸಿದ್ದು ಎಂದು ಅನೇಕ ವಿದ್ವಾಂಸರ ಅಭಿಪ್ರಾಯ. ರೊಟ್ಟಿ ಬೇಯಿಸುವ ಅಚ್ಚು ಎನ್ನುವವರೂ ಇದ್ದಾರೆ.

ಬಟ್ಟಲಿನ ಆಕಾರ ಕಣ್ಣಿನಲ್ಲಿ ಕೂತಿರುವಾಗಲೇ ಬಿಯರ್ ಲೆಕ್ಕದ ಹಲಗೆಯನ್ನು ನೋಡಬೇಕು. ಅದು ಕ್ರಿ.ಪೂ. 3100–3000ರದು, ಮ್ಯೂಸಿಯಂ ಕೊಟ್ಟ ಸಂಖ್ಯೆ 140855. ಚೂಪು ತಳದ ಹೂಜಿಯ ಚಿತ್ರ ಬಿಯರಿನ ಗುರುತು. ದುಂಡಗೆ ಒತ್ತಿದ ತಗ್ಗುಗಳು ಎಣಿಕೆ. ಮನುಷ್ಯನ ತಲೆ, ಬಾಯಿಯ ಹತ್ತಿರ ಒಂದು ಬಟ್ಟಲು, ಇದು ಉಣ್ಣುವುದರ ಗುರುತು. ಆ ಬಟ್ಟಲು ನೀವು ಈಗಷ್ಟೇ ನೋಡಿ ಬಂದ ಬಟ್ಟಲನ್ನೇ ಹೋಲುತ್ತದೆ. ಲಿಪಿಯ ಆರಂಭದ ದಿನಗಳಲ್ಲಿ ಬರೆದದ್ದರಲ್ಲಿ ಹೆಚ್ಚಿನದು ರಾಜರ ಕಥೆಯಲ್ಲ, ಯಾರಿಗೆ ಎಷ್ಟು ಕೊಟ್ಟೆವು ಎಂಬ ಲೆಕ್ಕ. ಇದನ್ನು ನೋಡಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಮುಂದೆ ಒಂದು ಪತ್ರ. ಸಂಖ್ಯೆ 131236, ಉರ್ ನಗರದ್ದು, ಕ್ರಿ.ಪೂ. 1750ರ ಸುಮಾರಿನದು. ಎತ್ತರ ಸುಮಾರು 11.6 ಸೆಂಟಿಮೀಟರ್, ಮೊಬೈಲ್‌ಗಿಂತ ಚಿಕ್ಕದು. ನನ್ನಿ ಎಂಬ ಗಿರಾಕಿ ಏಯಾ-ನಾಸಿರ್ ಎಂಬ ತಾಮ್ರದ ವ್ಯಾಪಾರಿಗೆ ಬರೆಸಿದ ದೂರು. ಒಳ್ಳೆಯ ತಾಮ್ರದ ಗಟ್ಟಿ ಕೊಡುತ್ತೇನೆಂದು ಮಾತು ಕೊಟ್ಟೆ, ನನ್ನ ಆಳಿನ ಮುಂದೆ ಕೆಟ್ಟ ಗಟ್ಟಿ ಇಟ್ಟೆ, ಬೇಕಾದರೆ ಒಯ್ಯಿ, ಬೇಡವಾದರೆ ಹೋಗು ಎಂದೆ, ನನ್ನನ್ನು ಏನೆಂದು ತಿಳಿದೆ ಎಂಬ ಧಾಟಿ. ಈ ಹಲಗೆಯನ್ನು ನೋಡುವಾಗ ಎರಡು ವಿಷಯ ನೆನಪಿರಲಿ. ಆ ಕಾಲದ ಪತ್ರ "ಇಂಥವನಿಗೆ ಹೇಳು" ಎಂದು ಶುರುವಾಗುತ್ತದೆ. ಓದಿ ಹೇಳುವ ಬರಹಗಾರನನ್ನು ಉದ್ದೇಶಿಸಿದ ಮಾತು ಅದು. ನಮ್ಮ ಓಣಿಯಲ್ಲಿ ಅಂಚೆಯಣ್ಣನಿಂದ ಕಾಗದ ಓದಿಸಿಕೊಳ್ಳುತ್ತಿದ್ದ ಅಜ್ಜಿಯಂದಿರನ್ನು ಕಂಡವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಇನ್ನೊಂದು, ಹಲಗೆಯ ಅಂಚು. ಇಂಥ ಹಲಗೆಯನ್ನು ಪುಸ್ತಕದ ಹಾಳೆಯಂತೆ ಪಕ್ಕಕ್ಕೆ ತಿರುಗಿಸುತ್ತಿರಲಿಲ್ಲ, ಕೆಳಗಿನಿಂದ ಮೇಲಕ್ಕೆ ಮಗುಚುತ್ತಿದ್ದರು. ಮುಂಭಾಗ ತುಂಬಿದ ಮೇಲೆ ಬರಹ ಕೆಳಗಿನ ಅಂಚನ್ನು ದಾಟಿ ಹಿಂಬದಿಗೆ ಹೊರಳುತ್ತದೆ. ಮಣ್ಣು ಒಣಗುವ ಮುನ್ನ ಇಷ್ಟನ್ನೂ ಒತ್ತಿ ಮುಗಿಸಬೇಕಿತ್ತು. ನನ್ನಿಯ ಸಿಟ್ಟಿಗೂ ಅದೊಂದು ಗಡುವು.

ಇಲ್ಲಿ ಒಂದು ಎಚ್ಚರಿಕೆ. ಉರ್ ಎಂದರೆ ನಮ್ಮ ಊರು, ನನ್ನಿ ಎಂದರೆ ಹಳಗನ್ನಡದ ನನ್ನಿ, ಅಂದರೆ ಸತ್ಯ, ಎಂದು ನಂಟು ಹೆಣೆಯುವವರು ಸಿಗುತ್ತಾರೆ. ಧ್ವನಿ ಹೋಲುತ್ತದೆ ಅಷ್ಟೇ. ಆಧಾರವಿಲ್ಲದ್ದನ್ನು ಮಕ್ಕಳಿಗೆ ಹೇಳಬೇಡಿ. ಭಾರತದ ನಿಜವಾದ ನಂಟು ಬೇಕೆಂದರೆ ಉರ್‌ನ ಸಮಾಧಿಗಳಲ್ಲಿ ಸಿಕ್ಕ ಕಾರ್ನೀಲಿಯನ್ ಎಂಬ ಕೆಂಪು ಕಲ್ಲಿನ ಮಣಿಗಳನ್ನು ತೋರಿಸಿ. ಬಿಳಿ ಗೆರೆಯ ಚಿತ್ತಾರವಿರುವ ಅಂಥ ಮಣಿಗಳು ಸಿಂಧೂ ಕಣಿವೆಯವರ ಕೈಚಳಕ.

ಉರುಳೆ ಮುದ್ರೆಗಳೆಂದರೆ ಹಸಿ ಮಣ್ಣಿನ ಮೇಲೆ ಉರುಳಿಸಿ ಚಿತ್ರ ಮೂಡಿಸುವ, ಕೆತ್ತನೆಯ ಪುಟ್ಟ ಉರುಳೆಗಳು. ಅವುಗಳ ಬಳಿ ಹೆಚ್ಚು ಹೊತ್ತು ಬೇಡ, ಪಕ್ಕದಲ್ಲಿಟ್ಟಿರುವ ಹೊಸ ಅಚ್ಚನ್ನು ನೋಡಿದರೆ ಚಿತ್ರ ತಿಳಿಯುತ್ತದೆ. ಆದರೆ ಮುದ್ರೆ ಒತ್ತಿದ ಹಳೆಯ ಮಣ್ಣಿನ ತುಣುಕು ಕಂಡರೆ ನಿಲ್ಲಿ. ಅದನ್ನು ಜಾಡಿಯ ಬಾಯಿಗೋ ಉಗ್ರಾಣದ ಬಾಗಿಲಿನ ಗೂಟಕ್ಕೋ ಮೆತ್ತಿ ಮುದ್ರೆ ಉರುಳಿಸುತ್ತಿದ್ದರು. ಬೆನ್ನಿನ ಮೇಲೆ ಹಗ್ಗದ ಹುರಿ, ಬುಟ್ಟಿಯ ಹೆಣಿಗೆ, ಬಟ್ಟೆಯ ನೂಲು ಅಚ್ಚಾಗಿ ಉಳಿದಿರುತ್ತವೆ. ಹಗ್ಗ, ಬುಟ್ಟಿ, ಬಟ್ಟೆ ಎಲ್ಲವೂ ಎಂದೋ ಕೊಳೆತುಹೋದವು, ಅವುಗಳ ನೇಯ್ಗೆ ಮಾತ್ರ ಇದೆ.

ಶಾಲೆಯ ಹಲಗೆಗಳು ದುಂಡಗೆ, ರೊಟ್ಟಿಯ ಉಂಡೆಯನ್ನು ಅದುಮಿದಂತೆ ಇರುತ್ತವೆ. ಗುರುವಿನ ಸಾಲು, ಅದನ್ನು ನೋಡಿ ಬರೆದ ಶಿಷ್ಯನ ಸಾಲು. ಯಾವುದು ಯಾರದೆಂದು ಬೆಣೆಗಳ ಅಂತರವೇ ಹೇಳುತ್ತದೆ, ಲಿಪಿ ಬರಬೇಕಾಗಿಲ್ಲ.

ಕೊನೆಗೆ ನಾಯಿಗಳು. ಉತ್ತರ ಮೆಸೊಪೊಟೇಮಿಯಾದ ನಿನೆವೆ ನಗರದ ಅರಮನೆಯಲ್ಲಿ ಸಿಕ್ಕ ಐದು ಪುಟ್ಟ ಮಣ್ಣಿನ ನಾಯಿಗಳಿವೆ, ಕ್ರಿ.ಪೂ. 645ರ ಸುಮಾರಿನವು. ಕೆಡುಕು ಒಳಗೆ ಬಾರದಿರಲೆಂದು ಬಾಗಿಲ ಬಳಿ ಹೂತಿಟ್ಟವು. ಒಂದೊಂದರ ಮೈಮೇಲೂ ಹೆಸರಿದೆ. ಒಂದರ ಹೆಸರು "ಯೋಚಿಸಬೇಡ, ಕಚ್ಚು!" ಇನ್ನೊಂದರದು "ಜೋರು ಬೊಗಳುವವನು." ನಮ್ಮ ಮನೆಯಲ್ಲಿ ಹೊಸ್ತಿಲಿಗೆ ಅರಿಶಿನ ಹಚ್ಚುವ ಅವ್ವನಿಗೆ ವಿಡಿಯೋ ಕರೆಯಲ್ಲಿ ತೋರಿಸಿದಾಗ, ಏನು ಎತ್ತ ಎಂದು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಚಿನ್ನವನ್ನು ಹೊರಡುವ ಮುನ್ನ ನೋಡಿ, ಕಾಲು ಗಂಟೆ ಸಾಕು. ಕೆಲವು ವಸ್ತುಗಳು ಬೇರೆ ಕಡೆಯ ಪ್ರದರ್ಶನಕ್ಕೆ ಹೋಗಿರಬಹುದು. ಹಾಗಾದಾಗ, ಅಥವಾ ಲಂಡನ್ನಿಗೆ ಬರಲಾಗದಿದ್ದಾಗ, ಮೇಲೆ ಕೊಟ್ಟ ಸಂಖ್ಯೆಗಳನ್ನು ಮ್ಯೂಸಿಯಂನ ಜಾಲತಾಣದ ಸಂಗ್ರಹ ವಿಭಾಗದಲ್ಲಿ ಹಾಕಿ. ಚಿತ್ರವನ್ನು ಹಿಗ್ಗಿಸಿ, ಅಂಚಿನಿಂದ ನೋಡಲು ಆರಂಭಿಸಿ. ಹಿಂಬದಿಯ ಚಿತ್ರವಿದ್ದರೆ ಅದನ್ನು ಬಿಡಬೇಡಿ. ಅಪ್ಪ ಈಗ ಖಾನಾಪುರದಲ್ಲಿ ಕುಳಿತು ಮೊಮ್ಮಗನ ಮೊಬೈಲ್‌ನಲ್ಲಿ ಹೀಗೆಯೇ ನೋಡುತ್ತಾರೆ. ಯಾವುದಾದರೂ ಬಟ್ಟಲಿನ ತಳದಲ್ಲಿ ಬೆರಳ ಗುರುತು ಕಂಡರೆ ಅದರ ಚಿತ್ರವನ್ನು ನನಗೆ ಕಳುಹಿಸುತ್ತಾರೆ.